ಮೋಟಾರು ಸುಟ್ಟ ಮೇಲೆ ಕಲಿತ ನೀರಿನ ಲೆಕ್ಕ

ಹಳ್ಳಿಯ ನೀರು ಸಮಿತಿಯ ಲೆಕ್ಕ ನನ್ನ ಕೈಗೆ ಬಂದಾಗ ಪುಸ್ತಕದಲ್ಲಿ ಖರ್ಚಿನ ಕಡೆ ಇದ್ದದ್ದು ಎರಡೇ ಸಾಲು. ಒಂದು ಕರೆಂಟ್ ಬಿಲ್. ಇನ್ನೊಂದು ನೀರು ಬಿಡುವವರ ಸಂಬಳ. ಮನೆಮನೆಯಿಂದ ಬರುತ್ತಿದ್ದ ದುಡ್ಡು ಈ ಎರಡಕ್ಕೂ ಸಾಲುತ್ತಿತ್ತು. ತಿಂಗಳ ಕೊನೆಗೆ ಸ್ವಲ್ಪ ಉಳಿಯುತ್ತಲೂ ಇತ್ತು. ಎಲ್ಲ ಸರಿಯಾಗಿದೆ ಅಂತಲೇ ನಂಬಿದ್ದೆ.

ಮೂರನೇ ವರ್ಷದ ಬೇಸಿಗೆಯಲ್ಲಿ ಬೋರಿನ ಮೋಟಾರು ಸುಟ್ಟಿತು. ರಿವೈಂಡಿಂಗ್ ಮಾಡಿಸಿ ಇಳಿಸಿದೆವು. ಕೆಲವೇ ದಿನಕ್ಕೆ ಮತ್ತೆ ಸುಟ್ಟಿತು. ಮೇಲೆತ್ತಿ ನೋಡಿದರೆ ಪಂಪು ಸವೆದಿತ್ತು, ಪೈಪಿಗೆ ತುಕ್ಕು ಹಿಡಿದಿತ್ತು. ಇಳಿಸಿ ಎತ್ತುವ ಖರ್ಚಿನಲ್ಲೇ ನಮ್ಮ ಉಳಿತಾಯ ಮುಗಿದುಹೋಗಿತ್ತು. ಹೊಸ ಪಂಪಿಗೆ ದುಡ್ಡು ಹೊಂದಿಸುವಷ್ಟರಲ್ಲಿ ಹನ್ನೊಂದು ದಿನ ನಲ್ಲಿಯಲ್ಲಿ ನೀರಿಲ್ಲ. ಹೆಂಗಸರು, ಶಾಲೆಗೆ ಹೋಗಬೇಕಾದ ಹುಡುಗಿಯರು ದೂರದ ಬಾವಿಯಿಂದ ಹೊತ್ತು ತಂದರು. ಅವರು ಕಳೆದ ಆ ಗಂಟೆಗಳು ನನ್ನ ಪುಸ್ತಕದಲ್ಲಿ ಎಲ್ಲೂ ಖರ್ಚು ಅಂತ ಬರಲಿಲ್ಲ. ಅದು ನನ್ನನ್ನು ತುಂಬಾ ಕಾಡಿತು.

ಆಮೇಲೆ ಓದಲು ಕೂತೆ. ನೀರು, ನೈರ್ಮಲ್ಯದ ಮೇಲೆ ಕೆಲಸ ಮಾಡುವ ನೆದರ್‌ಲೆಂಡ್ಸ್‌ನ ಐಆರ್‌ಸಿ ಸಂಸ್ಥೆ 2008ರಿಂದ 2013ರವರೆಗೆ ಘಾನಾ, ಬುರ್ಕಿನಾ ಫಾಸೊ, ಮೊಜಾಂಬಿಕ್ ಮತ್ತು ಭಾರತದಲ್ಲಿ, ನೀರಿನ ವ್ಯವಸ್ಥೆ ಕಟ್ಟಿ ನಡೆಸಲು ನಿಜಕ್ಕೂ ಎಷ್ಟಾಗುತ್ತದೆ ಅಂತ ಲೆಕ್ಕ ಮಾಡಿತ್ತು. ವಾಶ್‌ಕಾಸ್ಟ್ ಅಂತ ಅದರ ಹೆಸರು. 2011ರ ಬೆಲೆಯಲ್ಲಿ, ಕೊಳವೆಬಾವಿ ಕೊರೆದು ಕೈಪಂಪು ಹಾಕಲು ಒಬ್ಬರಿಗೆ 20ರಿಂದ 61 ಡಾಲರ್ ಬೇಕು ಅಂತ ಅವರ ಅಂದಾಜು. ಅದನ್ನು ಸರಿಯಾಗಿ ನಡೆಸಲು ವರ್ಷಕ್ಕೆ ಒಬ್ಬರಿಗೆ 3ರಿಂದ 6 ಡಾಲರ್. ಹತ್ತು ವರ್ಷಕ್ಕೆ ಗುಣಿಸಿ ನೋಡಿ, 30ರಿಂದ 60. ಕಟ್ಟಲು ಆದಷ್ಟೇ ದುಡ್ಡು ಮತ್ತೊಂದು ಸಲ ಬೇಕು ಅಂತಾಯ್ತು, ಅಲ್ವಾ? ಪೈಪಿನ ನೀರಾದರೆ ವರ್ಷದ ಖರ್ಚು 15 ಡಾಲರ್‌ವರೆಗೂ ಹೋಗುತ್ತದೆ. ಈ ಖರ್ಚಿನಲ್ಲಿ ಬಿಲ್ಲು, ಸಂಬಳದ ಜೊತೆಗೆ ಸವೆದ ಪಂಪು, ಪೈಪು ಬದಲಿಸುವ ಖರ್ಚೂ ಸೇರಿತ್ತು. ನಮ್ಮನ್ನು ಹನ್ನೊಂದು ದಿನ ಬಾಯಾರಿಸಿದ್ದು ಇದೇ ಮೂರನೇ ಸಾಲು.

ನಾನು ಮಾಡಿದ್ದು ಇಷ್ಟು. ನೀರು ಬಿಡುವವರ ಜೊತೆ ಬೋರಿನಿಂದ ಕೊನೆಯ ನಲ್ಲಿಯವರೆಗೆ ನಡೆದೆ. ಪಂಪು, ಮೋಟಾರು, ಸ್ಟಾರ್ಟರ್, ಕೇಬಲ್, ವಾಲ್ವ್, ಟ್ಯಾಂಕು, ಒಂದೊಂದನ್ನೂ ಬರೆದುಕೊಂಡೆ. ಹಾಕಿ ಎಷ್ಟು ವರ್ಷವಾಯಿತು, ಇನ್ನೆಷ್ಟು ವರ್ಷ ಬರಬಹುದು, ಹೊಸದಕ್ಕೆ ಎಷ್ಟಾಗುತ್ತದೆ ಅಂತ. ಹೊಸದರ ಬೆಲೆಯನ್ನು ಅದರ ಪೂರ್ತಿ ಬಾಳಿಕೆಯ ವರ್ಷಗಳಿಂದ ಭಾಗಿಸಿದರೆ ವರ್ಷಕ್ಕೆ ಎತ್ತಿಡಬೇಕಾದ ದುಡ್ಡು ಸಿಗುತ್ತದೆ. ಸುಲಭದ ಲೆಕ್ಕ. ಆದರೂ ನಾನು ಎರಡು ಕಡೆ ಎಡವಿದೆ. ಮೊದಲು ಹಳೆಯ ಬಿಲ್ಲಿನ ಬೆಲೆ ಹಿಡಿದಿದ್ದೆ. ಇವತ್ತು ಕೊಂಡರೆ ಎಷ್ಟು ಅಂತ ಹಿಡಿಯಬೇಕು. ಆಮೇಲೆ, ಊರಿನ ಎಲ್ಲ ಮನೆಗಳಿಗೂ ಸಮನಾಗಿ ಹಂಚಿದ್ದೆ. ನಿಜಕ್ಕೂ ದುಡ್ಡು ಕಟ್ಟುವ ಮನೆಗಳು ಅದಕ್ಕಿಂತ ಕಡಿಮೆ. ಕಟ್ಟಲಾಗದ ಬಡವರ ಪಾಲನ್ನು ಯಾರು ಹೊರಬೇಕು ಅಂತ ಮೊದಲೇ ಕೂತು ಮಾತಾಡದಿದ್ದರೆ ಆ ಪಾಲು ಸುಮ್ನೆ ಬಾಕಿಯಾಗಿ ಬೆಳೆಯುತ್ತದೆ.

ಕರೆಂಟಿನ ಲೆಕ್ಕ ನನಗೆ ತುಂಬಾ ಹಿಡಿಸಿತು. ಸಾವಿರ ಲೀಟರ್ ನೀರನ್ನು 60 ಮೀಟರ್ ಎತ್ತಲು ಬೇಕಾಗುವುದು ಸುಮಾರು 0.16 ಯೂನಿಟ್. ಪಂಪು ಮತ್ತು ಮೋಟಾರು ಸೇರಿ ತಿಂದ ಕರೆಂಟಿನಲ್ಲಿ ಶೇಕಡಾ 40ರಷ್ಟನ್ನು ಮಾತ್ರ ನೀರೆತ್ತುವ ಕೆಲಸಕ್ಕೆ ಕೊಟ್ಟರೆ ಅದು 0.4 ಯೂನಿಟ್ ಆಗುತ್ತದೆ. ಬೋರಿನ ನೀರು ಇನ್ನೂ 30 ಮೀಟರ್ ಕೆಳಗಿಳಿದರೆ 0.6. ಅಷ್ಟು ಕರೆಂಟು ಸುಟ್ಟು ಮೇಲೆತ್ತಿದ ನೀರು ಒಡೆದ ವಾಲ್ವಿನಲ್ಲಿ ಹರಿದುಹೋದರೆ ಬಿಲ್ಲು ಮಾತ್ರ ಉಳಿಯುತ್ತದೆ. ಹಾಗಾಗಿ ದರ ಏರಿಸುವ ಮಾತೆತ್ತುವ ಮೊದಲು ಸೋರಿಕೆ ಹುಡುಕಿ ಕಟ್ಟಿಸಿದೆವು. ಬಿಲ್ಲು ಇಳಿದದ್ದನ್ನು ಸಭೆಯಲ್ಲಿ ತೋರಿಸಿದೆ. ಹೊಸ ದರಕ್ಕೆ ಜನ ಒಪ್ಪಲು ನನ್ನ ಮಾತಿಗಿಂತ ಆ ಕಾಗದವೇ ಜಾಸ್ತಿ ಕೆಲಸ ಮಾಡಿತು ಅನ್ನಿಸುತ್ತದೆ. ಬದಲಿಸುವ ದುಡ್ಡಿಗೆ ಬೇರೆಯೇ ಖಾತೆ ತೆರೆದೆವು. ಬಿಲ್ಲಿಗೆ ಕಡಿಮೆ ಬಿದ್ದರೂ ಅದನ್ನು ಮುಟ್ಟುವ ಹಾಗಿಲ್ಲ.

ಶೌಚಾಲಯದ ಕಡೆಗೂ ಇದೇ ಕಣ್ಣಿನಿಂದ ನೋಡಿದೆ. ಕಟ್ಟಿದ ದಿನ ಫೋಟೊ ತೆಗೆಯುತ್ತಾರೆ. ಗುಂಡಿ ತುಂಬುವ ದಿನದ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಎರಡು ಗುಂಡಿ ಇದ್ದರೆ, ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ ತುಂಬಿದ್ದನ್ನು ಸುಮಾರು ಎರಡು ವರ್ಷ ಮುಚ್ಚಿಡಬಹುದು. ಒಳಗಿದ್ದದ್ದು ಮಣ್ಣಿನ ಹಾಗೆ ಆಗುತ್ತದೆ, ಖರ್ಚೂ ಕಡಿಮೆ. ಒಂದೇ ಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ಇದ್ದವರಿಗೆ ಹೀರುವ ಲಾರಿ ಬೇಕು, ತಂದು ಸುರಿಯಲು ಸರಿಯಾದ ಜಾಗವೂ ಬೇಕು. ಆ ದುಡ್ಡು ಇಲ್ಲದಿದ್ದಾಗ ಬಡ ಮನುಷ್ಯನೊಬ್ಬ ಕೈಯಿಂದ ತೆಗೆಯಲು ಇಳಿಯುತ್ತಾನೆ. ಇದನ್ನು ನಾನು ಉಳಿತಾಯ ಅಂತ ಬರೆಯಲಾರೆ.

ಈಗ ಮನೆಮನೆಗೆ ಹೋಗಿ ಗುಂಡಿ ಯಾವ ವರ್ಷದ್ದು, ಎಷ್ಟು ಜನ ಬಳಸುತ್ತಾರೆ ಅಂತ ಬರೆದುಕೊಳ್ಳುತ್ತಿದ್ದೇವೆ. ಅರ್ಧ ಊರು ಮುಗಿದಿದೆ.