ಶಾಲೆಯ ಗೋಡೆಯ ಮೇಲೆ ಮಕ್ಕಳ ಮಾತು: ಚಿತ್ರದಿಂದ ಗ್ರಾಮ ಸಭೆಯವರೆಗೆ

ಹೈಸ್ಕೂಲಿನ ಗೋಡೆಗಳ ಮೇಲೆ ಬರಹಕ್ಕೇನೂ ಕೊರತೆಯಿಲ್ಲ. ‘ಪರಿಸರ ಉಳಿಸಿ’, ‘ನೀರನ್ನು ಮಿತವಾಗಿ ಬಳಸಿ’. ಎಲ್ಲವೂ ದೊಡ್ಡವರು ಹೇಳಿದ್ದು, ಪೇಂಟರ್ ಬರೆದದ್ದು. ಅದೇ ಗೋಡೆಯಲ್ಲಿ ಹತ್ತು ಅಡಿ ಜಾಗವನ್ನು ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಬಿಟ್ಟುಕೊಡಿ. ಅವರ ಮನಸ್ಸಿನ ಭಾರ ಚಿತ್ರವಾಗಿ, ಚಿತ್ರ ಅಹವಾಲಾಗಿ ಪಂಚಾಯಿತಿ ತಲುಪುತ್ತದೆ. ಚಿತ್ರಕಲಾ ಶಿಕ್ಷಕನಾಗಿ ನಾನು ರೂಢಿಸಿಕೊಂಡ ಕ್ರಮ ಇದು. ಒಟ್ಟು ಆರು ವಾರ ಬೇಕು. ಅದರಲ್ಲಿ ಗೋಡೆಗೆ ಬಣ್ಣ ಹಚ್ಚುವುದು ಮೂರೇ ದಿನ.

ಮಕ್ಕಳು ತಮ್ಮ ಅಹವಾಲು ಹೇಳಿಕೊಳ್ಳಲೆಂದು ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮ ಸಭೆಯ ದಿನಾಂಕವನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಮೊದಲೇ ತಿಳಿದುಕೊಂಡು, ಅಲ್ಲಿಂದ ಹಿಂದಕ್ಕೆ ವಾರಗಳನ್ನು ಲೆಕ್ಕ ಹಾಕಿ.

ಮೊದಲು ತಮಗಾಗಿ ಒಂದು ಹಾಳೆ

ಮೊದಲ ಎರಡು ವಾರ ಗೋಡೆಯ ಸುದ್ದಿಯೇ ಬೇಡ. ಪ್ರತಿಯೊಬ್ಬರಿಗೂ ಒಂದು ಡ್ರಾಯಿಂಗ್ ಹಾಳೆ ಕೊಟ್ಟು, ‘ನಿಮ್ಮ ಮನೆಯಿಂದ ಶಾಲೆಯವರೆಗಿನ ದಾರಿ ಬರೆಯಿರಿ. ಇಷ್ಟವಾದ ಜಾಗಕ್ಕೆ ಒಂದು ಬಣ್ಣ, ಬೇಗ ದಾಟಿಬಿಡಬೇಕು ಅನ್ನಿಸುವ ಜಾಗಕ್ಕೆ ಇನ್ನೊಂದು’ ಎನ್ನಿ. ಅಂಕ ಇಲ್ಲ, ಬಹುಮಾನ ಇಲ್ಲ, ಸೂಚನಾ ಫಲಕಕ್ಕೆ ಅಂಟಿಸುವುದೂ ಇಲ್ಲ ಎಂದು ಮೊದಲೇ ಹೇಳಿ. ಹಾಳೆ ಮಗುವಿನ ಬಳಿಯೇ ಇರಲಿ.

‘ನನಗೆ ಬರೆಯಲು ಬರುವುದಿಲ್ಲ ಸರ್’ ಎನ್ನುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರಿಗೆ ನಾನು ಹಸೆ ಚಿತ್ತಾರ ತೋರಿಸುತ್ತೇನೆ. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಎಳೆಯುವುದು ಬರೀ ಗೆರೆಗಳನ್ನು. ಆ ಗೆರೆಗಳಲ್ಲೇ ಮದುವೆಯ ಸಂಭ್ರಮವೆಲ್ಲ ಇರುತ್ತದೆ. ಗೆರೆ ಎಳೆಯಲು ಬಂದರೆ ಸಾಕು, ದಾರಿ ಬರೆಯಬಹುದು.

ಕೇಳುವ ರೀತಿ

ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ದಾರಿಯ ಉದ್ದಕ್ಕೂ ಹೊಂಗೆ ಮರ, ಹಾಲಿನ ಡೇರಿ, ಕಟ್ಟೆಯ ಮೇಲಿನ ನಾಯಿ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದಳು. ಕೆರೆ ಏರಿಯ ತಿರುವಿನಲ್ಲಿ ಮಾತ್ರ ಕಪ್ಪು ಕ್ರೇಯಾನನ್ನು ಹಾಳೆ ಹರಿಯುವಷ್ಟು ಒತ್ತಿ ಉಜ್ಜಿದ್ದಳು. ‘ಇದೇಕೆ ಕಪ್ಪು?’ ಎಂದು ಕೇಳಿದ್ದರೆ ಅವಳು ತಪ್ಪು ಮಾಡಿದೆನೇನೋ ಎಂದು ಅಳಿಸಲು ಹೊರಡುತ್ತಿದ್ದಳು. ‘ಈ ಜಾಗದ ಬಗ್ಗೆ ಹೇಳುತ್ತೀಯೇನಮ್ಮಾ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲಿ ಕಂಬ ಇದೆ ಸರ್, ಬಲ್ಬ್ ಇಲ್ಲ’ ಎಂದಳು. ವಿಶೇಷ ತರಗತಿ ಮುಗಿಸಿ ಸಂಜೆ ಆರೂವರೆಗೆ ಅಲ್ಲಿ ಒಬ್ಬಳೇ ಓಡುತ್ತಾಳಂತೆ. ಅದೇ ತಿರುವಿಗೆ ಇನ್ನೂ ನಾಲ್ವರು ಕಪ್ಪು ಬಳಿದಿದ್ದರು. ತನ್ನೊಬ್ಬಳದೇ ಹೆದರಿಕೆ ಎಂದುಕೊಂಡಿದ್ದು ಐದು ಜನರದ್ದೆಂದು ತಿಳಿದಾಗ ಅವಳ ಭುಜ ಸಡಿಲವಾದದ್ದನ್ನು ನಾನು ಕಂಡೆ.

ಕೇಳುವ ಪ್ರಶ್ನೆ ಅಷ್ಟೇ ಇರಲಿ. ಮಗು ಹೇಳಲು ಒಲ್ಲೆನೆಂದರೆ ಒತ್ತಾಯ ಬೇಡ. ಬಣ್ಣ ನೋಡಿ ಮನಸ್ಸನ್ನು ಓದುತ್ತೇನೆಂಬ ಹಮ್ಮೂ ಬೇಡ. ಕಪ್ಪು ಬಳಿದವರೆಲ್ಲ ನೊಂದವರಲ್ಲ. ನಾವು ಚಿತ್ರ ಕಲಿಸುವವರು, ಚಿಕಿತ್ಸಕರಲ್ಲ.

ಕೆಲವೊಮ್ಮೆ ಬೀದಿದೀಪಕ್ಕಿಂತ ದೊಡ್ಡ ಸಂಗತಿ ಹೊರಬರುತ್ತದೆ. ಅದಕ್ಕೆ ಮೊದಲೇ ಸಿದ್ಧರಾಗಿರಿ. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತನ್ನು ಎಂದೂ ಕೊಡಬೇಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098 ಮತ್ತು ಮನಸ್ಸಿನ ತೊಳಲಾಟಕ್ಕೆ ಟೆಲಿ ಮಾನಸ್ ಸಹಾಯವಾಣಿ 14416, ಈ ಎರಡು ಸಂಖ್ಯೆಗಳನ್ನು ಹಾಳೆಗಳ ಹಿಂಬದಿಯಲ್ಲಿ ಮೊದಲ ದಿನವೇ ಬರೆಸಿ. ಎಲ್ಲರೂ ಬರೆದುಕೊಂಡರೆ ಯಾರಿಗೆ ಬೇಕಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ಇಂಥ ಸಂಗತಿ ಹೊರಬಂದ ಚಿತ್ರ ಯಾವ ಕಾರಣಕ್ಕೂ ಗೋಡೆಗೆ ಹೋಗಬಾರದು.

ಹುಣಸೆ ಬೀಜದ ಮತದಾನ

ಮೂರನೇ ವಾರ ವಿಷಯ ಆರಿಸಿ. ಹೊರಗೆ ಹೇಳಲು ಒಪ್ಪಿದ ಸಂಗತಿಗಳನ್ನಷ್ಟೇ ಚೀಟಿಗಳಲ್ಲಿ ಬರೆದು, ಒಂದೊಂದರ ಮುಂದೆ ಎರಡು ಡಬ್ಬಿ ಇಡಿ. ಪ್ರತಿಯೊಬ್ಬರಿಗೂ ಮೂರು ಹುಣಸೆ ಬೀಜ. ಒಬ್ಬೊಬ್ಬರಾಗಿ ಒಳಗೆ ಹೋಗಿ ಹಾಕಿ ಬರಲಿ. ಹುಡುಗಿಯರಿಗೂ ಹುಡುಗರಿಗೂ ಬೇರೆ ಬೇರೆ ಡಬ್ಬಿ ಇಡುವುದು ಮುಖ್ಯ. ಒಟ್ಟಿಗೇ ಎಣಿಸಿದರೆ ಶೌಚಾಲಯದ ಚಿಲಕದಂಥ ವಿಷಯ ಕಬಡ್ಡಿ ಅಂಕಣದ ಮುಂದೆ ಸೋಲುತ್ತದೆ. ಎರಡೂ ಕಡೆ ಗೆದ್ದದ್ದನ್ನು ಸೇರಿಸಿ ಒಂದೇ ಚಿತ್ರ ಮಾಡಿ. ಘೋಷಣೆ ಸೂಚಿಸಲು ದೊಡ್ಡವರು ಬರುತ್ತಾರೆ, ವಿನಯದಿಂದ ಬೇಡವೆನ್ನಿ.

ಗೋಡೆ

ಗೋಡೆ ಚೆನ್ನಾಗಿ ಒಣಗಿರಬೇಕು, ತೇವದ ಮೇಲೆ ಬಣ್ಣ ಹಪ್ಪಳದಂತೆ ಎದ್ದುಬರುತ್ತದೆ. ಹಳೆಯ ಸುಣ್ಣವನ್ನು ಕೆರೆದು, ತೊಳೆದು ಒಣಗಿಸಿ, ಬಿಳಿ ಪ್ರೈಮರ್ ಒಂದು ಕೋಟ್ ಹೊಡೆದು ರಾತ್ರಿಯಿಡೀ ಬಿಡಿ. 20 ಇಂಚು ಉದ್ದ, 12 ಇಂಚು ಎತ್ತರದ ಹಾಳೆಯಲ್ಲಿ ಮೂಲ ಚಿತ್ರ ಬರೆದು, ಎರಡೆರಡು ಇಂಚಿನ ಚೌಕ ಹಾಕಿ. ಗೋಡೆಯ ಮೇಲೆ 10 ಅಡಿ ಉದ್ದ, 6 ಅಡಿ ಎತ್ತರದ ಜಾಗದಲ್ಲಿ ಒಂದೊಂದು ಅಡಿಯ ಚೌಕ. ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿದ ದಾರವನ್ನು ಇಬ್ಬರು ಬಿಗಿಯಾಗಿ ಹಿಡಿದು, ಮೂರನೆಯವರು ಎಳೆದು ಬಿಟ್ಟರೆ ನೇರ ಗೆರೆ ಮೂಡುತ್ತದೆ. ಒಟ್ಟು 60 ಚೌಕ, ಮೂವತ್ತು ಮಕ್ಕಳಿಗೆ ತಲಾ ಎರಡು. ಬರೆಯಲು ಬಾರದವರಿಗೂ ಇಲ್ಲಿ ಪಾಲಿದೆ. ತಮ್ಮ ಚೌಕದಲ್ಲಿ ಇರುವಷ್ಟು ಗೆರೆಗಳನ್ನಷ್ಟೇ ಸೀಮೆಸುಣ್ಣದಲ್ಲಿ ದೊಡ್ಡದಾಗಿಸಿದರೆ ಆಯಿತು.

ಹೊರಗೋಡೆಯ ಬಿಳಿ ಎಮಲ್ಷನ್ ನಾಲ್ಕು ಲೀಟರ್, ಅದಕ್ಕೆ ಬೆರೆಸುವ ಕೆಂಪು, ಹಳದಿ, ನೀಲಿ, ಕಪ್ಪು ಗಾಢ ಬಣ್ಣದ (ಸ್ಟೇನರ್) ಬಾಟಲಿಗಳು ಸಾಕು. ಬಣ್ಣ ಬೆರೆಸಲು ತೆಂಗಿನ ಕರಟ. ಮಕ್ಕಳ ಹೆಸರು, ಬೈಗುಳ ಬೀಳಬೇಕಾದವರ ಮುಖ ಎರಡೂ ಬೇಡ. ಕಂಬ ಬರೆಯುವುದಿದ್ದರೆ ಬಲ್ಬಿನ ಜಾಗವನ್ನು ಬಿಳಿಯಾಗಿಯೇ ಬಿಡಿ. ದೀಪ ಹತ್ತಿದ ದಿನ ಮಕ್ಕಳೇ ಹಳದಿ ತುಂಬಲಿ.

ಸಭೆಗೆ

ಚಿತ್ರದ ಫೋಟೊ ಜೊತೆಗೆ ಒಂದೇ ಪುಟದ ಮನವಿ ಇರಲಿ. ಎಲ್ಲಿ, ಏನಿಲ್ಲ, ಎಷ್ಟು ಮಕ್ಕಳು ಆ ದಾರಿಯಲ್ಲಿ ನಡೆಯುತ್ತಾರೆ, ಎಷ್ಟು ಗಂಟೆಗೆ. ಓದುವವರು ಮಕ್ಕಳು, ಶಿಕ್ಷಕರು ಹಿಂದಿನ ಸಾಲಿನಲ್ಲಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಮನವಿ ನಡಾವಳಿಯಲ್ಲಿ ದಾಖಲಾಯಿತೇ ಎಂದು ಕೇಳಿ. ತಿಂಗಳು ಕಳೆದ ಮೇಲೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಪಂಚಾಯಿತಿ ಕಚೇರಿಗೆ ಹೋಗಿ ವಿಚಾರಿಸಿ. ‘ಅನುದಾನವಿಲ್ಲ’ ಎಂಬ ಉತ್ತರ ಬಂದರೆ ಅದನ್ನೂ ದಿನಾಂಕದೊಂದಿಗೆ ತರಗತಿಯಲ್ಲಿ ಓದಿ ಹೇಳಿ. ಮುಂದಿನ ಮನವಿ ಎಲ್ಲಿಂದ ಶುರುವಾಗಬೇಕೆಂದು ಮಕ್ಕಳೇ ತೀರ್ಮಾನಿಸುತ್ತಾರೆ.