ರೆಸಲ್ಯೂಶನ್ ತಗ್ಗಿಸಬೇಡಿ, ಸ್ಕೇಲ್ ಏರಿಸಿ
ಹದಿನಾಲ್ಕು ಇಂಚಿನ, 1920×1080 ರೆಸಲ್ಯೂಶನ್ನಿನ (ಅಂದರೆ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಪಿಕ್ಸೆಲ್ ಎಂಬ ಪುಟ್ಟ ಚುಕ್ಕೆಗಳಿರುವ) ಲ್ಯಾಪ್‌ಟಾಪಿನಲ್ಲಿ ಅಕ್ಷರಗಳು ತೀರಾ ಸಣ್ಣದಾಗಿ ಕಂಡರೆ ರೆಸಲ್ಯೂಶನ್ ತಗ್ಗಿಸದೆ, ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರ, ಗುಂಡಿಗಳ ಗಾತ್ರ ನಿರ್ಧರಿಸುವ ಸ್ಕೇಲ್ ಅನ್ನು ಶೇ. 125 ಅಥವಾ 150ಕ್ಕೆ ಏರಿಸಿ. ಪರದೆಯ ಪಿಕ್ಸೆಲ್‌ಗಳ ಸಂಖ್ಯೆ ತಯಾರಿಕೆಯಲ್ಲೇ ನಿಗದಿಯಾಗಿರುವುದರಿಂದ ರೆಸಲ್ಯೂಶನ್ ತಗ್ಗಿಸಿದರೆ ಅಕ್ಷರದ ಅಂಚು ಮಸುಕಾಗುತ್ತದೆ. ಸ್ಕೇಲ್ ಏರಿಸಿದಾಗ ಅದೇ ಅಕ್ಷರ ಹೆಚ್ಚು ಪಿಕ್ಸೆಲ್‌ಗಳಲ್ಲಿ ಮೂಡುವುದರಿಂದ ‘ತೀರ್ಥಹಳ್ಳಿ’ ಎಂದು ಟೈಪಿಸಿದರೆ ಅರ್ಕಾವೊತ್ತೂ ಳಕಾರದ ಒತ್ತೂ ಬೇರೆಬೇರೆಯಾಗಿ, ಸ್ಪಷ್ಟವಾಗಿ ಕಾಣುತ್ತವೆ. ಕನ್ನಡ ಓದುವವರಿಗೆ ಇದು ಇಂಗ್ಲಿಷ್ ಓದುವವರಿಗಿಂತ ಹೆಚ್ಚು ಮುಖ್ಯ. ಆದರೆ ನಮ್ಮ ಅಡಿಕೆ ಮಂಡಿಗಳಲ್ಲಿ ಇನ್ನೂ ಉಳಿದಿರುವ 1366×768ರ ಪರದೆಗಳಲ್ಲಿ ಸ್ಕೇಲ್ ಏರಿಸಿದರೆ ಕೆಲವು ಕಿಟಕಿಗಳ ಕೆಳತುದಿಯ ‘ಸೇವ್’ ಗುಂಡಿಯೇ ಪರದೆಯಿಂದ ಆಚೆ ಹೋಗಬಹುದು, ಅಲ್ಲಿ ಶೇ. 100ನ್ನೇ ಉಳಿಸಿಕೊಂಡು, ಬ್ರೌಸರಿನಲ್ಲಿ ಮಾತ್ರ ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಹಿಗ್ಗಿಸಿಕೊಳ್ಳುವುದು ಮೇಲು. ಹಳೆಯ ಲೆಕ್ಕದ ತಂತ್ರಾಂಶಗಳು ಸ್ಕೇಲ್ ಏರಿಸಿದಾಗಲೂ ಮಸುಕಾಗಿಯೇ ಕಾಣಬಹುದು.