ಬಲೂನು ಮನೆಗೆ ಐಗ್ಲಾಸ್ ಹಿಡಿದು: ಸಿನಿಮಾ ಆಟಿಕೆಯ ವಿಮರ್ಶೆ ಬರೆಯುವವರಿಗೆ

ಸಿನಿಮಾ ಹೆಸರು ಹೊತ್ತ ಆಟಿಕೆಗಳ ವಿಮರ್ಶೆ ಹೆಚ್ಚಾಗಿ ಹಾಳಾಗುವುದು ಒಂದೇ ಕಾರಣಕ್ಕೆ. ಬರೆದವರು ಅಂಕ ಕೊಟ್ಟಿರುವುದು ಸಿನಿಮಾಕ್ಕೆ, ಆಟಿಕೆಗಲ್ಲ. ‘ಜೋಡಿಸುತ್ತಾ ಕಣ್ಣಲ್ಲಿ ನೀರು ಬಂತು’ ಅಂತ ಬರೆದಿರುತ್ತಾರೆ. ನೀರು ಬರಿಸಿದ್ದು ಪರದೆ ಮೇಲಿನ ಮುದುಕಪ್ಪನೋ, ಮೇಜಿನ ಮೇಲಿನ ಪ್ಲಾಸ್ಟಿಕ್ಕೋ? ಅದನ್ನು ಬಿಡಿಸಿ ಹೇಳದಿದ್ದರೆ, ದುಡ್ಡು ಎಣಿಸಿ ಕೊಡುವ ಅಪ್ಪ ಅಮ್ಮನಿಗೆ ಆ ಬರಹ ಯಾವ ಉಪಯೋಗಕ್ಕೂ ಇಲ್ಲ.

ನಾನು ಹಾಸನದಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟವನು, ಕಣ್ಣಿಗೆ ಐಗ್ಲಾಸ್ (ವಾಚ್ ರಿಪೇರಿಯವರ ಭೂತಗನ್ನಡಿ) ಸಿಕ್ಕಿಸಿ ಕೂರುವವನು. ಎಚ್‌ಎಂಟಿ ಕೀ ವಾಚುಗಳ ಕಾಲ ಮುಗಿದ ಮೇಲೆ ಕೆಲಸ ಬ್ಯಾಟರಿ ಬದಲಿಸುವುದಕ್ಕೆ, ಬೆಲ್ಟು ಹಾಕುವುದಕ್ಕೆ ಇಳಿದಿದೆ. ಮೊಮ್ಮಗಳು ಪುಟ್ಟಿಯ ಜೊತೆ ಲೆಗೊ (ಒಂದಕ್ಕೊಂದು ಕಚ್ಚಿಸುವ ಪ್ಲಾಸ್ಟಿಕ್ ಇಟ್ಟಿಗೆಗಳ ಆಟಿಕೆ) ಜೋಡಿಸುವುದು, ಅದರ ಬಗ್ಗೆ ನಾಲ್ಕು ಸಾಲು ಬರೆಯುವುದು ಶುರುವಾದದ್ದು ಹಾಗೆ. ಉದಾಹರಣೆಗೆ ಒಂದೇ ಡಬ್ಬಿ ಇಟ್ಟುಕೊಳ್ಳೋಣ: ಡಿಸ್ನಿ ಕಂಪನಿಯ ಕಾರ್ಟೂನ್ ಸ್ಟುಡಿಯೋ ಪಿಕ್ಸಾರ್‌ನವರ ‘ಅಪ್’ ಸಿನಿಮಾದ ಬಲೂನು ಮನೆ, ಲೆಗೊ ನಂಬರ್ 43217. ಹೆಂಡತಿ ಎಲೀಯನ್ನು ಕಳೆದುಕೊಂಡ ಮುದುಕ ಕಾರ್ಲ್ ಮನೆಗೇ ಬಲೂನು ಕಟ್ಟಿ ಹಾರಿಸುವ ಈ ಸಿನಿಮಾ ಬಂದದ್ದು 2009ರಲ್ಲಿ. ಈ ಸೆಟ್ ಬಂದದ್ದು ಡಿಸ್ನಿ ಕಂಪನಿಗೆ ನೂರು ತುಂಬಿದ 2023ರಲ್ಲಿ. ಒಟ್ಟು 598 ತುಂಡು, ಇಬ್ಬರು ಬೊಂಬೆ ಮನುಷ್ಯರು, ಒಂದು ನಾಯಿ.

ಡಬ್ಬಿ ಒಡೆಯುವ ಮುಂಚೆಯೇ ಅರ್ಧ ವಿಮರ್ಶೆ ಬರೆಯಬಹುದು. ಮೊದಲು ಐಎಸ್‌ಐ ಗುರುತು ಹುಡುಕಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಅದು ಕಡ್ಡಾಯ. ಆಮೇಲೆ ವಯಸ್ಸಿನ ಅಂಕಿ. ಈ ಡಬ್ಬಿ ಮೇಲೆ ಒಂಬತ್ತು ವರ್ಷ ಮೇಲ್ಪಟ್ಟವರಿಗೆ ಅಂತ ಇದೆ. ಆ ಅಂಕಿ ಜೋಡಿಸುವ ಕಷ್ಟದ ಅಂದಾಜು. ಮೂರು ವರ್ಷದೊಳಗಿನ ಮಗುವಿನ ಮುಖಕ್ಕೆ ಗೀಟು ಹೊಡೆದ ಚಿತ್ರ ಇದೆಯಲ್ಲ, ಅದು ಬೇರೆ ಮಾತು. ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ತುಂಡಿನ ಎಚ್ಚರಿಕೆ. ಮನೆಯಲ್ಲಿ ಅಂಬೆಗಾಲಿಡುವ ಕೂಸಿದ್ದರೆ ಎರಡನೆಯದೇ ಮುಖ್ಯ; ವಿಮರ್ಶೆಯಲ್ಲಿ ಇವೆರಡನ್ನೂ ಕಲಸಬೇಡಿ.

ಬೆಲೆ ಬರೆಯುವಾಗ ಸುಮ್ಮನೆ ‘ದುಬಾರಿ’ ಅಂದರೆ ಸಾಲದು. ಬೆಲೆಯನ್ನು ತುಂಡಿನ ಲೆಕ್ಕಕ್ಕೆ ಭಾಗಿಸಿ. ಅಮೆರಿಕದಲ್ಲಿ ಈ ಸೆಟ್ಟಿಗೆ ಇಟ್ಟ ಬೆಲೆ 59.99 ಡಾಲರ್, ಅಂದರೆ ತುಂಡಿಗೆ ಸುಮಾರು 10 ಸೆಂಟ್. ನೀವು ಕೊಟ್ಟ ರೂಪಾಯಿಯನ್ನು ಹಾಗೇ ಭಾಗಿಸಿ, ಪಕ್ಕದಲ್ಲಿಟ್ಟು ತೋರಿಸಿ. ಇಲ್ಲಿನ ಲೆಕ್ಕ ಅಲ್ಲಿನದಕ್ಕಿಂತ ಭಾರವಾಗುವುದಕ್ಕೆ ಕಾರಣವೂ ಇದೆ. ಆಮದು ಆಟಿಕೆಗಳ ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಇದನ್ನು ಹೇಳದೆ ಅಂಗಡಿಯವನನ್ನು ಬೈದರೆ ನ್ಯಾಯವಲ್ಲ (ನಾನೂ ಅಂಗಡಿಯವನೇ, ಪಕ್ಷಪಾತ ಇದ್ದರೆ ಕ್ಷಮಿಸಿ). ಈ ತುಂಡಿನ ಲೆಕ್ಕಕ್ಕೂ ಒಂದು ಮೋಸ ಇದೆ: ಕಾಳಿನಷ್ಟು ಚಿಕ್ಕ ತುಂಡುಗಳನ್ನು ಹೆಚ್ಚು ಹಾಕಿದರೆ ಎಣಿಕೆ ಏರುತ್ತದೆ, ಕೈಗೆ ಸಿಗುವ ವಸ್ತು ಏರುವುದಿಲ್ಲ. ಅಡುಗೆಮನೆ ತಕ್ಕಡಿಯಲ್ಲಿ ಪ್ಲಾಸ್ಟಿಕ್ ಮಾತ್ರ ತೂಗಿ, ಗ್ರಾಂ ಎಷ್ಟೆಂದೂ ಬರೆದುಬಿಡಿ.

ಇನ್ನು ಜೋಡಿಸುವುದು. ಇಬ್ಬರನ್ನು ಕೂರಿಸಿ: ಸಿನಿಮಾ ನೋಡಿದವರೊಬ್ಬರು, ನೋಡದವರೊಬ್ಬರು. ನಮ್ಮ ಮನೆಯಲ್ಲಿ ಪುಟ್ಟಿಗೆ ಸಿನಿಮಾ ಬಾಯಿಪಾಠ; ಪಕ್ಕದ ಮನೆ ಹುಡುಗನಿಗೆ ಅದರ ಗಂಧವೂ ಗೊತ್ತಿಲ್ಲ. ಪುಟ್ಟಿ ಸೂಚನೆ ಪುಸ್ತಕದ ಪ್ರತಿ ಪುಟಕ್ಕೂ ‘ತಾತ, ಇದು ಆ ಕುರ್ಚಿ ಕಣೋ!’ ಅಂತ ಕುಣಿಯುತ್ತಿದ್ದಳು. ಹುಡುಗ ಸುಮ್ಮನೆ ಜೋಡಿಸುತ್ತಾ ಹೋದ, ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ‘ಅಜ್ಜ, ಈ ಮನೆಗೆ ಹಿಂದ್ಗಡೆ ಗೋಡೆ ಯಾಕಿಲ್ಲ?’ ಹೌದು, ಹಿಂಭಾಗ ತೆರೆದೇ ಇದೆ, ಕೈ ಹಾಕಿ ಆಡಲಿ ಅಂತ. ಸಿನಿಮಾ ನೋಡಿದ ಕಣ್ಣಿಗೆ ಅದು ಕಾಣಿಸಲೇ ಇಲ್ಲ, ಯಾಕೆಂದರೆ ಆ ಕಣ್ಣು ಇಲ್ಲದ ಗೋಡೆಯನ್ನು ತಾನೇ ತುಂಬಿಕೊಂಡಿತ್ತು. ವಿಮರ್ಶಕನಿಗೆ ಆ ಹುಡುಗನಂಥವನು ಬೇಕೇ ಬೇಕು. ಸಿಗದಿದ್ದರೆ, ಸಿನಿಮಾ ನೋಡದ ನಿಮ್ಮ ಅತ್ತೆಯವರ ಮುಂದೆ ಇಟ್ಟು ‘ಇದೇನು ಹೇಳಿ’ ಅಂತ ಕೇಳಿ. ‘ಮನೆ’ ಅಂದರೆ ಒಂದು ಅಂಕ. ‘ಹಾರೋ ಮನೆ’ ಅಂದರೆ ಪೂರ್ತಿ ಅಂಕ.

ಮಗು ಜೋಡಿಸುವಾಗ ನೀವು ಬಾಯಿ ಮುಚ್ಚಿಕೊಂಡು ಪೆನ್ಸಿಲ್ ಹಿಡಿದು ಕೂತಿರಬೇಕು. ಒಟ್ಟು ಎಷ್ಟು ಹೊತ್ತಾಯಿತು ಅನ್ನುವುದರಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಎಲ್ಲಿ ನಿಂತಿತು, ಯಾವ ಪುಟದಲ್ಲಿ ತಿರುವಿ ಹಿಂದಕ್ಕೆ ಹೋಯಿತು, ಎಲ್ಲಿ ‘ತಾತಾ’ ಅಂತ ಕೂಗಿತು, ಎಲ್ಲಿ ಎದ್ದು ಹೋಗಿ ಚಕ್ಕುಲಿ ತಿಂದು ಬಂತು, ಅದನ್ನು ಪುಟದ ನಂಬರ್ ಸಮೇತ ಗುರುತು ಹಾಕಿಕೊಳ್ಳಿ. ಎದ್ದು ಹೋದ ಪುಟಗಳಲ್ಲಿ ಸಾಮಾನ್ಯವಾಗಿ ಒಂದೇ ಥರದ ಕೆಲಸ ಮತ್ತೆ ಮತ್ತೆ ಬರುತ್ತಿರುತ್ತದೆ. ಸ್ಟಿಕ್ಕರ್ ಅಂಟಿಸುವ ಜಾಗಗಳನ್ನೂ ಬರೆಯಿರಿ; ತುಂಡಿನ ಮೇಲೇ ಅಚ್ಚಾದ ಚಿತ್ರ ಉಳಿಯುತ್ತದೆ, ಸ್ಟಿಕ್ಕರ್ ನಮ್ಮ ಮಳೆಗಾಲದ ಥಂಡಿಗೆ ಅಂಚು ಬಿಡುತ್ತದೆ.

ನನಗೆ ಪ್ರೀತಿಯ ಭಾಗ ಇನ್ನು ಮುಂದಿನದು, ತುಂಡಿನ ಪರೀಕ್ಷೆ. ಗಡಿಯಾರದ ಕೆಲಸ ಮಾಡಿದವನಿಗೆ ಅಳತೆ ಅಂದರೆ ಹಬ್ಬ. ಲೆಗೊ ತುಂಡಿನ ಮೇಲೆ ಎದ್ದಿರುವ ಗುಬಟುಗಳ ನಡುವಿನ ದೂರ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6, ತೆಳು ಹಲಗೆಯದು 3.2, ಮೂರು ಹಲಗೆ ಪೇರಿಸಿದರೆ ಒಂದು ಇಟ್ಟಿಗೆಗೆ ಸರಿಸಮ. ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಗುಬಟಿರುವ ಇಟ್ಟಿಗೆಯ ಉದ್ದ 32 ಇರಬೇಕಿತ್ತಲ್ಲವೇ? ವರ್ನಿಯರ್ ಅಳತೆಪಟ್ಟಿ ಹಿಡಿದರೆ 31.8 ತೋರಿಸುತ್ತದೆ. ಆ ಕೂದಲೆಳೆಯ ಸಂದು ಬೇಕೆಂದೇ ಬಿಟ್ಟದ್ದು. ಅದಿಲ್ಲದಿದ್ದರೆ ಉದ್ದನೆಯ ಗೋಡೆ ನಡುವೆ ಉಬ್ಬಿಕೊಳ್ಳುತ್ತದೆ. ಈ ಕಚ್ಚುವ ವಿಧಾನಕ್ಕೆ ಡೆನ್ಮಾರ್ಕಿನಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಅಂದಿನ ಇಟ್ಟಿಗೆ ಇಂದಿನದಕ್ಕೆ ಕೂರುತ್ತದೆ.

ಹೆಸರಿಲ್ಲದ ನಕಲು ಡಬ್ಬಿಗಳು ಸಂತೆ, ಜಾತ್ರೆ, ಫೋನು ಎಲ್ಲ ಕಡೆ ಸಿಗುತ್ತವೆ. ಅದನ್ನು ಕೊಂಡವರು ಬಡವರೆಂದೋ ದಡ್ಡರೆಂದೋ ಬರೆಯಬೇಡಿ, ಪರೀಕ್ಷಿಸಿ ಬರೆಯಿರಿ. ಎಂಟು ಹತ್ತು ಇಟ್ಟಿಗೆ ಒಂದರ ಮೇಲೊಂದು ಪೇರಿಸಿ ಕಿಟಕಿ ಬೆಳಕಿಗೆ ಹಿಡಿಯಿರಿ. ಪದರಗಳ ನಡುವೆ ಬೆಳಕು ತೂರಿದರೆ ಅಚ್ಚು ಸರಿಯಿಲ್ಲ. ಒಂದೇ ಜೋಡಿಯನ್ನು ಹತ್ತಾರು ಸಲ ಹಾಕಿ ತೆಗೆದು ನೋಡಿ. ಶುರುವಿನ ಬಿಗಿ ಉಳಿಯಬೇಕು, ಮಗುವಿನ ಬೆರಳಿಗೆ ಬಿಚ್ಚಲೂ ಬರಬೇಕು. ಹಲ್ಲಲ್ಲಿ ಕಚ್ಚಿ ಬಿಡಿಸಬೇಕಾದ ತುಂಡು ಎಷ್ಟು ಅಗ್ಗವಾದರೂ ನನ್ನ ಕೈಯಲ್ಲಿ ಪಾಸಾಗುವುದಿಲ್ಲ. ಒಂದೇ ಬಣ್ಣದ ತುಂಡುಗಳನ್ನು ಹಗಲು ಬೆಳಕಲ್ಲಿ ಸಾಲಾಗಿಟ್ಟು ಛಾಯೆ ಬೇರೆ ಬೇರೆ ಇದೆಯಾ ನೋಡಿ. ಟ್ಯೂಬ್‌ಲೈಟಿನಲ್ಲಿ ಅದು ತಿಳಿಯುವುದಿಲ್ಲ.

ವಸ್ತುವಿನ ಮಾತು ಮುಗಿದ ಮೇಲೆ ಸಿನಿಮಾ ಒಳಗೆ ಬರಲಿ. ‘ಸಿನಿಮಾದಲ್ಲಿರುವ ಹಾಗೇ ಇದೆ’ ಅನ್ನುವ ಮಾತು ಯಾವ ಆಟಿಕೆಗೂ ನಿಜವಲ್ಲ. ಮನೆ ನೆಲ ಬಿಟ್ಟೇಳುವ ದೃಶ್ಯಕ್ಕೆ ಪಿಕ್ಸಾರ್‌ನವರು ಕಂಪ್ಯೂಟರಿನಲ್ಲಿ ಮಾಡಿದ್ದು 20,622 ಬಲೂನು. ಇಲ್ಲಿ ಗೋಡೆ, ಮಾಡು, ಕುರ್ಚಿ ಎಲ್ಲ ಸೇರಿ 598 ತುಂಡು. ಬಲೂನು ಕಡಿಮೆಯಾಯಿತು ಅಂತ ಎಲ್ಲರೂ ಬರೆದರು. ಕಡಿಮೆಯಾಗದೆ ಇನ್ನೇನಾದೀತು! ಕೇಳಬೇಕಾದದ್ದು, ಆ ಗೊಂಚಲು ಮನೆಯನ್ನು ಎತ್ತುತ್ತಿದೆ ಅಂತ ಕಣ್ಣು ನಂಬುತ್ತದೆಯಾ ಅಂತ. ಮೇಜಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ನನಗೆ ಗೊಂಚಲು ಮನೆಗಿಂತ ಸಣ್ಣದೆನಿಸಿತು. ಇದು ಮಾಡಿನ ಮೇಲೆ ಹೂಕುಂಡ ಇಟ್ಟ ಮನೆ. ಪುಟ್ಟಿ ಒಪ್ಪಲಿಲ್ಲ, ಅವಳ ಅಭಿಪ್ರಾಯವನ್ನೂ ಬರೆದೆ.

ಬೊಂಬೆಗಳ ಬಗ್ಗೆ ಒಂದು ಸೂಕ್ಷ್ಮ ಇದೆ. ಸಿನಿಮಾದ ಕಲಾವಿದರು ಮುದುಕ ಕಾರ್ಲ್‌ನನ್ನು ಬರೆದದ್ದೇ ಚೌಕದಲ್ಲಿ: ಚೌಕ ತಲೆ, ಚೌಕ ಕನ್ನಡಕ, ಅವನ ಕುರ್ಚಿಯೂ ಚೌಕ. ಹುಡುಗ ರಸೆಲ್ ಮೊಟ್ಟೆಯ ಹಾಗೆ ಗುಂಡಗೆ. ಲೆಗೊ ಮನುಷ್ಯನ ತಲೆಯೋ, 1978ರಿಂದ ಹೆಚ್ಚು ಕಡಿಮೆ ಎಲ್ಲರಿಗೂ ಒಂದೇ ಉರುಟು. ಹಾಗಾಗಿ ಕಾರ್ಲ್‌ನ ಚೌಕತನ ಪೂರ್ತಿ ಹೋಯಿತು. ಮುಖದ ಅಚ್ಚು ಮಾತ್ರ ಅವನನ್ನು ಉಳಿಸಿದೆ. ನಿಮ್ಮ ಕೈಯಲ್ಲಿರುವುದು ಬೇರೆ ಸಿನಿಮಾದ ಸೆಟ್ಟಾದರೂ ಇದೇ ಪ್ರಶ್ನೆ ಕೇಳಿ: ಈ ಪಾತ್ರವನ್ನು ಚಿತ್ರಕಾರ ಯಾವ ಆಕಾರದಿಂದ ಕಟ್ಟಿದ, ಆ ಆಕಾರ ಪ್ಲಾಸ್ಟಿಕ್ಕಿನಲ್ಲಿ ಉಳಿಯಿತೇ?

ಡಬ್ಬಿಯಲ್ಲಿ ಏನಿಲ್ಲ ಅನ್ನುವುದನ್ನು ಬರೆಯುವಾಗ ಪಟ್ಟಿ ಮಾಡಿ ಬಿಡಬೇಡಿ. ಇಲ್ಲಿ ಕೆವಿನ್ ಎನ್ನುವ ಬಣ್ಣದ ದೊಡ್ಡ ಹಕ್ಕಿ ಇಲ್ಲ. ಕಾರ್ಲ್‌ನ ಹೆಂಡತಿ ಎಲೀಯ ಬೊಂಬೆಯೂ ಇಲ್ಲ. ಮೊದಲನೆಯದು ಕೊರತೆ. ಕಾಡಿನ ಕಥೆಯೆಲ್ಲ ಆ ಹಕ್ಕಿಯ ಹಿಂದೆಯೇ ಓಡುವುದರಿಂದ ಮಗುವಿನ ಆಟ ಅರ್ಧಕ್ಕೆ ನಿಲ್ಲುತ್ತದೆ. ಎರಡನೆಯದನ್ನು ನಾನು ಕೊರತೆ ಅನ್ನುವುದಿಲ್ಲ. ಆ ಸಿನಿಮಾದಲ್ಲಿ ಮನೆಯೇ ಎಲೀ. ಮುದುಕ ಅದನ್ನು ಹೆಗಲಿಗೆ ಕಟ್ಟಿ ಎಳೆಯುವುದು ಯಾಕೆ ಮತ್ತೆ? ಬೊಂಬೆ ಕೊಟ್ಟಿದ್ದರೆ ಮನೆ ಬರೀ ಮನೆಯಾಗುತ್ತಿತ್ತು. ಇಲ್ಲದ್ದರಲ್ಲಿ ಯಾವುದು ಕಂಪನಿಯ ಜಿಪುಣತನ, ಯಾವುದು ಸರಿಯಾದ ಆಯ್ಕೆ ಅಂತ ಬೇರೆ ಮಾಡುವುದಕ್ಕೆ ಮಾತ್ರ ಸಿನಿಮಾ ನೋಡಿರಬೇಕು.

ಕೊನೆಯ ಪರೀಕ್ಷೆ ಬಳಕೆಯದು. ಮನೆಯನ್ನು ಬಲೂನು ಗೊಂಚಲು ಹಿಡಿದೇ ಎತ್ತಿ ನೋಡಿ, ಮಗು ಮಾಡುವ ಮೊದಲ ಕೆಲಸ ಅದೇ. ಕೋಣೆಯಿಂದ ಕೋಣೆಗೆ ಒಂದೇ ಕೈಯಲ್ಲಿ ಒಯ್ಯಿರಿ. ಯಾವ ತುಂಡು ಉದುರಿತು, ಅದೇ ತುಂಡು ಮತ್ತೆ ಉದುರಿತೇ, ಬರೆಯಿರಿ. ಇದು ಅತಿಯಾಯಿತು ಅನಿಸಿದರೆ ‘ವಾಲ್-ಇ’ ಸಿನಿಮಾದ ರೋಬೋವಿನ 2015ರ ಲೆಗೊ ಸೆಟ್ಟನ್ನು ನೆನೆಸಿಕೊಳ್ಳಿ. ಆ ರೋಬೋ ಸಿನಿಮಾಕ್ಕೇ ಕೆಲಸ ಮಾಡಿದ ಪಿಕ್ಸಾರ್ ಕಲಾವಿದ ಆಂಗಸ್ ಮೆಕ್‌ಲೇನ್ ರೂಪಿಸಿದ್ದು, 677 ತುಂಡಿನದು. ನೋಡಲು ಮುದ್ದು, ಆದರೆ ಕತ್ತು ತಲೆಯ ಭಾರ ತಾಳುತ್ತಿರಲಿಲ್ಲ. ಕೊಂಡವರು ಎತ್ತಿ ತೋರಿಸಿದ ಮೇಲೆ ಕಂಪನಿ ಕತ್ತಿನ ಜೋಡಣೆಯನ್ನೇ ಬದಲಿಸಿತು. ‘ಕ್ಯೂಟ್ ಆಗಿದೆ’ ಅಂತ ಬರೆದು ಕೂತವರಿಂದ ಆದ ಕೆಲಸವಲ್ಲ ಅದು.

ಬರೆಯುವ ಕ್ರಮಕ್ಕೆ ಹೆಚ್ಚು ಮಾತು ಬೇಡ. ಮೊದಲ ಸಾಲಲ್ಲೇ ದುಡ್ಡು ಯಾರದೆಂದು ಹೇಳಿ: ನೀವೇ ಕೊಂಡದ್ದೋ, ಉಡುಗೊರೆಯೋ, ಅಂಗಡಿಯವರು ಪುಕ್ಕಟೆ ಕೊಟ್ಟದ್ದೋ. ಪುಕ್ಕಟೆ ಬಂದದ್ದಾದರೆ ಜಾಹೀರಾತು ಅಂತ ಗುರುತು ಹಾಕಬೇಕೆಂದು ಜಾಹೀರಾತು ಮಾನಕ ಮಂಡಳಿ 2021ರಲ್ಲೇ ನಿಯಮ ತಂದಿದೆ. ಕಥೆಯ ಕೊನೆ ಬಿಟ್ಟುಕೊಡಬೇಡಿ. ಫೋಟೋದಲ್ಲಿ ಪಕ್ಕಕ್ಕೊಂದು ಸ್ಕೇಲ್ ಇಡಿ. ಡಬ್ಬಿಯ ಚಿತ್ರ ನೋಡಿ ಆಳೆತ್ತರದ ಮನೆ ಬರುತ್ತದೆ ಅಂದುಕೊಂಡ ಮಕ್ಕಳನ್ನು ಕಂಡಿದ್ದೇನೆ. ಹಿಂಭಾಗದ ಫೋಟೋ ತಪ್ಪದೆ ಹಾಕಿ, ಅದನ್ನು ಡಬ್ಬಿ ಮುಂದೆ ತೋರಿಸುವುದಿಲ್ಲ.

ತೀರ್ಪನ್ನು ಎರಡಾಗಿ ಕೊಡಿ: ಸಿನಿಮಾ ಇಷ್ಟಪಟ್ಟ ಮನೆಗೊಂದು, ಹೆಸರೇ ಕೇಳದ ಮನೆಗೊಂದು. ನನ್ನ ಪ್ರಕಾರ ಈ ಬಲೂನು ಮನೆ ಮೊದಲನೆಯವರಿಗೆ ಕೊಳ್ಳುವಂಥದ್ದು. ಎರಡನೆಯವರು ಅಷ್ಟೇ ದುಡ್ಡಿಗೆ ಯಾವ ಕಥೆಯ ಹಂಗೂ ಇಲ್ಲದ ಬಿಡಿ ಇಟ್ಟಿಗೆಗಳ ಡಬ್ಬಿ ತಂದರೆ ಹೆಚ್ಚು ದಿನ ಆಡುತ್ತಾರೆ. ಒಂದೇ ಬಣ್ಣದ, ಎಂಟು ಗುಬಟಿನ ಆರೇ ಆರು ಇಟ್ಟಿಗೆಯನ್ನು 91,51,03,765 ಬಗೆಯಲ್ಲಿ ಕೂಡಿಸಬಹುದಂತೆ ಲೆಕ್ಕ ಇದೆ. ಬರೆದು ಮುಗಿಸಿ ಒಂದೆರಡು ತಿಂಗಳಾದ ಮೇಲೆ, ಮನೆ ಇನ್ನೂ ನಿಂತಿದೆಯೋ, ಬಿಚ್ಚಿ ಬೇರೇನಾದರೂ ಕಟ್ಟಿದ್ದಾರೋ, ಶೋಕೇಸಿನಲ್ಲಿ ಧೂಳು ಹಿಡಿದಿದೆಯೋ ನೋಡಿ ಕೆಳಗೆ ಒಂದು ಸಾಲು ಸೇರಿಸಿ, ತಾರೀಖಿನ ಸಮೇತ.